ಏಳು ಗಂಟೆಯ ಹಾಜರಿ

ಫೆಬ್ರವರಿ 3, ಮಂಗಳವಾರ

ಅಮ್ಮ ಹೋಗಿ ಇವತ್ತಿಗೆ ಹದಿನೈದು ದಿನ. ತಮ್ಮ ನಿನ್ನೆ ಬೆಳಗಿನ ಬಸ್ಸಿಗೆ ತನ್ನೂರಿಗೆ ಹೊರಟ. ಹೊರಡುವಾಗ ಬಾಗಿಲಲ್ಲಿ ನಿಂತು, ಒಬ್ಬಳೇ ಇರ್ತೀಯಾ ಅಕ್ಕಾ ಎಂದು ಕೇಳಿದ. ಅರವತ್ತಾರು ತುಂಬಿದವಳನ್ನು ಕೇಳುವ ಪ್ರಶ್ನೆಯೇ ಅದು? ಒಬ್ಬಳೇ ಇರುವುದಕ್ಕೆ ನಾನು ಎಷ್ಟು ವರ್ಷ ಕಾದಿದ್ದೇನೆ ಎಂದು ಅವನಿಗೇನು ಗೊತ್ತು.

ಬರೆಯಬಾರದು. ಆದರೂ ಇದನ್ನು ನನ್ನ ಹೊರತು ಓದುವವರು ಯಾರಿದ್ದಾರೆ? ಮನೆ ಈಗ ಹಿತವಾಗಿದೆ. ಅಮ್ಮನದು ಗದ್ದಲದ ಜೀವ. ಚಿತ್ರಮಂದಿರದ ಟಿಕೆಟ್ ಕಿಟಕಿಯಲ್ಲಿ ಮೂವತ್ತು ವರ್ಷ ಕೂತವಳು. ಬೊಗಸೆಯಷ್ಟು ತೂತಿನಲ್ಲಿ ಒಳಗೆ ಬರುವ ಕೈ ನೋಡಿಯೇ ಯಾರೆಂದು ಹೇಳುತ್ತಿದ್ದಳು. ಕೆಲಸ ಬಿಟ್ಟ ಮೇಲೂ ಆ ಕೈಗಳೆಲ್ಲ ಅವಳನ್ನು ಹುಡುಕಿಕೊಂಡು ಮನೆಗೆ ಬಂದವು. ನಾನು ಭೂಮಾಪನ ಕಚೇರಿಯಲ್ಲಿ ದಿನವಿಡೀ ನಕ್ಷೆ ಬರೆದು, ಕಣ್ಣು ಕೆಂಪು ಮಾಡಿಕೊಂಡು ಬಂದರೆ, ಇಲ್ಲಿ ಯಾರೋ ಅಳುತ್ತಿರುವರು, ಯಾರೋ ನಗುತ್ತಿರುವರು. ಮೂವತ್ತೆಂಟು ವರ್ಷ ಗೆರೆ ಎಳೆದ ಕೈ ನನ್ನದು. ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯಬೇಕು. ಆ ಕೆಲಸದಲ್ಲಿ ಮಾತು ಎಲ್ಲಿಂದ ಬರಬೇಕು.

ತೊಂಬತ್ತೊಂದು ವರ್ಷ ಮಾತಾಡಿ ಮಾತಾಡಿ, ಒಂದು ಮಧ್ಯಾಹ್ನ ಮಾತಿನ ನಡುವೆಯೇ ಹೋದಳು.

ಇವತ್ತು ಯಾರೂ ಬರಲಿಲ್ಲ. ನಿಂತುಕೊಂಡೇ ನಾಲ್ಕು ಚೂರು ಬ್ರೆಡ್ ತಿಂದೆ. ಪಾತ್ರೆ ತೊಳೆಯುವ ಕೆಲಸ ತಪ್ಪಿತು.

ಫೆಬ್ರವರಿ 4, ಬುಧವಾರ

ಬೆಳಿಗ್ಗೆ ಸರಿಯಾಗಿ ಏಳಕ್ಕೆ ಅಮ್ಮನ ಫೋನು ಹೊಡೆದುಕೊಂಡಿತು. ಎತ್ತಿದರೆ ಟೀಚರಮ್ಮ. ಅಮ್ಮನ ಗೆಳತಿ, ಎಂಬತ್ನಾಲ್ಕು ವರ್ಷದ ನಿವೃತ್ತ ಗಣಿತದ ಟೀಚರು. ಈಗಲೂ ಅವರ ದನಿ ಕೇಳಿದರೆ ಕೈ ಕಟ್ಟಿ ನಿಲ್ಲಬೇಕೆನಿಸುತ್ತದೆ.

ವಿಷಯ ಇದು. ಅಮ್ಮ, ಟೀಚರಮ್ಮ, ಟೈಲರಮ್ಮ, ನರ್ಸಮ್ಮ, ಈ ನಾಲ್ವರೂ ವಯಸ್ಸಾದವರು. ಉಳಿದ ಮೂವರೂ ಒಂಟಿ. ಅದಕ್ಕೆ ಒಂಬತ್ತು ವರ್ಷದಿಂದ ಒಂದು ಏರ್ಪಾಟು ಮಾಡಿಕೊಂಡಿದ್ದಾರೆ. ಏಳಕ್ಕೆ ಟೀಚರಮ್ಮ ಅಮ್ಮನಿಗೆ ಫೋನ್ ಮಾಡುವುದು, ಅಮ್ಮ ಟೈಲರಮ್ಮನಿಗೆ, ಟೈಲರಮ್ಮ ನರ್ಸಮ್ಮನಿಗೆ, ನರ್ಸಮ್ಮ ಮತ್ತೆ ಟೀಚರಮ್ಮನಿಗೆ. ಏಳೂ ಕಾಲಿಗೆ ಸುತ್ತು ಮುಗಿಯುತ್ತದೆ. ಯಾರಾದರೂ ಫೋನ್ ಎತ್ತದಿದ್ದರೆ ಕೂಡಲೇ ಆ ಮನೆಗೆ ಯಾರನ್ನಾದರೂ ಓಡಿಸುವುದು. ಟೀಚರಮ್ಮ ಇದಕ್ಕೆ ಹಾಜರಿ ಎಂದು ಹೆಸರಿಟ್ಟಿದ್ದಾರೆ. ಅಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ಕಿರುಚುತ್ತಿದ್ದುದು ಇದಕ್ಕೇ ಇರಬೇಕು. ನಾನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ, ವಿಚಾರಿಸಿದವಳಲ್ಲ.

ಈಗ ಅಮ್ಮನ ಜಾಗದಲ್ಲಿ ನಾನು ನಿಲ್ಲಬೇಕಂತೆ. ಟೀಚರಮ್ಮ ನೇರವಾಗಿ ಟೈಲರಮ್ಮನಿಗೇ ಮಾಡಿದರೆ ಆಗದೇ ಎಂದೆ.

"ನಿನ್ನ ಹಾಜರಿ ಯಾರು ತಗೋತಾರೆ?" ಎಂದರು.

ನನಗೆ ಬೇಡ ಎಂದೆ. ಬೇಕಾ ಬೇಡವಾ ಅಂತ ಕೇಳಲಿಲ್ಲ, ನಾಳೆಯಿಂದ ಶುರು, ಎಂದು ಫೋನ್ ಇಟ್ಟರು.

ಫೆಬ್ರವರಿ 5, ಗುರುವಾರ

ಮಾಡಿದೆ. ಎದ್ದಿದ್ದೀರಾ ಎಂದೆ. ಎದ್ದಿದ್ದೀನಿ ಎಂದರು ಟೈಲರಮ್ಮ. ಸರಿ ಎಂದು ಇಟ್ಟೆ. ಅರ್ಧ ನಿಮಿಷ. ಇಷ್ಟೇ ಆದರೆ ತೊಂದರೆಯಿಲ್ಲ.

ಫೆಬ್ರವರಿ 11, ಬುಧವಾರ

ಇಷ್ಟೇ ಎಲ್ಲಿ. ಟೈಲರಮ್ಮನ ಬಾಯಿಗೆ ಬೀಗವಿಲ್ಲ. ಎಪ್ಪತ್ತೊಂಬತ್ತು ವರ್ಷ, ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂಟಿ ವಾಸ, ಈಗಲೂ ದಿಂಬಿನ ಚೀಲ, ಮಕ್ಕಳ ಅಂಗಿ ಹೊಲಿಯುತ್ತಾರೆ. ಇವತ್ತು ಹತ್ತು ನಿಮಿಷ ಬರೀ ಕಾಲರಿನ ಕಥೆ. ಈಗಿನವರಿಗೆ ಕಾಲರ್ ಕೂರಿಸಲು ಬರುವುದಿಲ್ಲವಂತೆ, ಕತ್ತು ಬಾತುಕೊಂಡ ಹಾಗೆ ಕಾಣುತ್ತದಂತೆ. ಆಮೇಲೆ ವಿಚಾರಣೆ. ನಿನ್ನೆ ಏನು ತಿಂದೆ? ಬ್ರೆಡ್. ಮೊನ್ನೆ? ಬ್ರೆಡ್. ನೀನೇನು ಹೊಟ್ಟೆ ಕೆಟ್ಟ ಕೂಸಾ ಎಂದರು. ತಮ್ಮನ್ನು ಚಿಕ್ಕಮ್ಮ ಎನ್ನಬೇಕಂತೆ, ಅಮ್ಮನಿಗಿಂತ ಹನ್ನೆರಡು ವರ್ಷ ಚಿಕ್ಕವರಲ್ಲವೇ. ನಾನು ಏನೂ ಎನ್ನುವುದಿಲ್ಲ. ಎದ್ದಿದ್ದೀರಾ ಎಂದು ಶುರು ಮಾಡಿದರೆ ಸಂಬೋಧನೆಯೇ ಬೇಕಾಗಿಲ್ಲ.

ಹಾಳು ವಿಚಾರಣೆಗೆ ಹೆದರಿ ಇವತ್ತು ಅನ್ನ ಮಾಡಿಕೊಂಡೆ. ಇಬ್ಬರಿಗಾಗುವಷ್ಟು ಮಾಡಿಬಿಟ್ಟೆ. ಕೈಗೆ ಅಭ್ಯಾಸ ತಪ್ಪಿಲ್ಲ.

ಫೆಬ್ರವರಿ 15, ಭಾನುವಾರ

ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ ಬಿಪಿ ಮಾತ್ರೆ ಕೇಳಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಕೆಮ್ಮಿ ಮತ್ತೆ ಕೇಳಬೇಕಾಯಿತು. ಯೋಚಿಸಿದೆ. ಬೆಳಿಗ್ಗೆ ಫೋನ್ ಇಟ್ಟಾಗಿನಿಂದ ಆ ಹೊತ್ತಿನವರೆಗೆ ಯಾರೊಂದಿಗೂ ಮಾತಾಡಿರಲಿಲ್ಲ. ನಿನ್ನೆಯೂ ಹಾಗೇ. ಕಚೇರಿಯಲ್ಲಿದ್ದಾಗಲೂ ನಾನು ಮಾತಿನವಳಲ್ಲ. ಆದರೆ ಸುತ್ತ ಮಾತು ಇತ್ತು. ನಾನು ಬೇಡ ಎಂದು ತಳ್ಳುತ್ತಿದ್ದೆ. ತಳ್ಳುವುದಕ್ಕಾದರೂ ಏನೋ ಇತ್ತು.

ಸಂಜೆ ಕಿಟಕಿಯಲ್ಲಿ ನಿಂತೆ. ಅಮ್ಮನನ್ನು ನೋಡಲು ಬರುತ್ತಿದ್ದ ದಪ್ಪ ಕನ್ನಡಕದ ಹೆಂಗಸು ಎದುರಿನ ರಸ್ತೆಯಲ್ಲಿ ಹೋದಳು. ತಲೆ ಎತ್ತಿ ನೋಡಲಿಲ್ಲ. ನೋಡಲಿ ಎಂದೇನೂ ಇರಲಿಲ್ಲ.

ಫೆಬ್ರವರಿ 22, ಭಾನುವಾರ

ನರ್ಸಮ್ಮ ಮನೆಗೆ ಬಂದಿದ್ದರು. ಬಿಪಿ ನೋಡುವ ಯಂತ್ರ ಚೀಲದಲ್ಲಿಟ್ಟುಕೊಂಡೇ ಓಡಾಡುತ್ತಾರೆ. ನನ್ನದು ಹೆಚ್ಚಿದೆ. ಮಾತ್ರೆ ತಪ್ಪಿಸುತ್ತೀಯಾ ಎಂದರು. ಸುಳ್ಳು ಹೇಳಿದೆ. ಅವರು ನಂಬಲಿಲ್ಲ, ಬೈಯಲೂ ಇಲ್ಲ.

ಹೋಗುವ ಮುಂಚೆ ತಮ್ಮ ಕೆಲಸದ ದಿನಗಳ ಬಗ್ಗೆ ಹೇಳಿದರು. ಇಪ್ಪತ್ತೇಳು ವರ್ಷ ಮುದುಕರ ವಾರ್ಡಿನಲ್ಲಿದ್ದವರು. ಭೇಟಿಯ ಹೊತ್ತಿಗೆ ಬಾಗಿಲಿನ ಕಡೆ ಮುಖ ಮಾಡಿ ಮಲಗುವವರು ಬೇಗ ಎದ್ದು ಓಡಾಡುತ್ತಿದ್ದರಂತೆ. ಗೋಡೆಯ ಕಡೆ ತಿರುಗಿದವರದು ರೋಗ ಸಣ್ಣದಿದ್ದರೂ ಗುಣವಾಗುವುದು ನಿಧಾನವಂತೆ. ಡಾಕ್ಟರು ಬರೆದ ಚೀಟಿಗಿಂತ ಮೊದಲು ತಾನು ಅದನ್ನೇ ನೋಡುತ್ತಿದ್ದೆ ಎಂದರು. ನಿಮ್ಮಮ್ಮ ತೊಂಬತ್ತೊಂದು ಸುಮ್ಮನೆ ಬದುಕಲಿಲ್ಲ ಎಂದೂ ಸೇರಿಸಿದರು.

ಅದರ ಅರ್ಥ ನಾನು ಬದುಕುವುದಿಲ್ಲ ಎಂದೋ? ಕೇಳಲಿಲ್ಲ. ಚಹಾ ಮಾಡಿದ್ದೆ. ಎರಡು ಲೋಟ ಕುಡಿದರು.

ಮಾರ್ಚ್ 2, ಸೋಮವಾರ

ಇವತ್ತು ಟೈಲರಮ್ಮ ಹೇಳಿದ್ದನ್ನು ಬರೆದಿಡುತ್ತೇನೆ. ಬೆಳಗಿನಿಂದ ಕಿವಿಯಲ್ಲಿ ಕೂತಿದೆ.

ಸ್ವಲ್ಪ ನಗುತ್ತಾ ಮಾತಾಡು ಎಂದರು. ನಾನು ಹೀಗೇ ಎಂದೆ. ಆಗ ಅವರು, "ಗೊತ್ತು ಬಿಡು. ನಿಮ್ಮಮ್ಮ ಹೇಳ್ತಿದ್ದಳು, ನನ್ನ ಮಗಳು ಒಳ್ಳೆಯವಳು ಕಣೇ, ಆದರೆ ಅವಳ ಹತ್ತಿರ ಕೂತರೆ ಚಳಿಯಾಗುತ್ತೆ ಅಂತ," ಎಂದು ನಕ್ಕರು.

ನಾನು ನಗಲಿಲ್ಲ. ಫೋನ್ ಇಟ್ಟೆ.

ಹದಿನಾರು ವರ್ಷ ಅಮ್ಮನ ಕಾಲಿಗೆ ಎಣ್ಣೆ ಹಚ್ಚಿದವಳು ನಾನು. ಕೊನೆಯ ಎರಡು ವರ್ಷ ಕೈಹಿಡಿದು ಬಚ್ಚಲಿಗೆ ಕರೆದೊಯ್ದವಳು ನಾನು. ಜನ ಬಂದು ನಗಿಸಿ ಹೋದರು, ಹಾಸಿಗೆ ಒಗೆದವಳು ನಾನು. ಚಳಿಯಾಗುತ್ತಿತ್ತಂತೆ. ನನ್ನ ಮುಂದೆ ಹೇಳದೆ ಆ ಗುಂಪಿನಲ್ಲಿ ಕೂತು ಹೇಳಿ ನಕ್ಕಿದ್ದಾಳೆ.

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ

ಇವತ್ತು ಟೈಲರಮ್ಮನಿಗೆ ಫೋನ್ ಮಾಡಲಿಲ್ಲ. ಟೀಚರಮ್ಮನದು ಬಂತು, ಇದ್ದೀನಿ ಎಂದೆ, ಇಟ್ಟೆ. ಮುಂದಕ್ಕೆ ಮಾಡಲು ಕೈಯೇ ಏಳಲಿಲ್ಲ. ಒಂದು ದಿನ ಕಾಯಲಿ. ಚಳಿ ಹೇಗಿರುತ್ತದೆ ಎಂದು ಅವರಿಗೂ ಗೊತ್ತಾಗಲಿ.

ಏಳೂ ಇಪ್ಪತ್ತಕ್ಕೆ ನರ್ಸಮ್ಮ ಮಾಡಿದರು. ಟೈಲರಮ್ಮನಿಂದ ಫೋನ್ ಬಂದಿಲ್ಲ, ನೀನು ಮಾತಾಡಿದೆಯಾ ಎಂದು ಕೇಳಿದರು. ಇಲ್ಲ ಎಂದರೆ ಯಾಕೆ ಎನ್ನುತ್ತಾರೆ, ಆಮೇಲೆ ಟೀಚರಮ್ಮನ ಪಾಠ. "ಮಾತಾಡಿದೆ, ಚೆನ್ನಾಗಿದ್ದಾರೆ. ಫೋನಿನಲ್ಲಿ ಚಾರ್ಜ್ ಇಲ್ಲವಂತೆ," ಎಂದೆ. ಎಷ್ಟು ಸಲೀಸಾಗಿ ಬಂತು.

ಸರಿ ಹಾಗಾದರೆ ಎಂದರು.

ಮಾರ್ಚ್ 3, ಸಂಜೆ

ಬಿದ್ದಿದ್ದಾರೆ.

ನಾಲ್ಕೂವರೆಗೆ ಇಸ್ತ್ರಿ ಅಂಗಡಿಯವನು ಬಟ್ಟೆ ಕೊಡಲು ಮೇಲೆ ಹೋದನಂತೆ. ಬಾಗಿಲು ಬಡಿದರೆ ಒಳಗಿನಿಂದ ಬೆಕ್ಕಿನ ಮರಿಯಂಥ ದನಿ. ಚಿಲಕ ಮುರಿದು ನೋಡಿದರೆ ಬಚ್ಚಲಿನ ಬಾಗಿಲ ಹತ್ತಿರ ನೆಲದ ಮೇಲೆ. ಸೊಂಟದ ಮೂಳೆ ಮುರಿದಿದೆ. ಫೋನು ಹೊಲಿಗೆ ಯಂತ್ರದ ಮೇಲಿತ್ತು, ಕೈಗೆ ಸಿಕ್ಕಿಲ್ಲ. ಇದೆಲ್ಲ ನರ್ಸಮ್ಮ ಆಸ್ಪತ್ರೆಯಿಂದ ಹೇಳಿದ್ದು. ಏಳು ಗಂಟೆಗೆ ನಿನ್ನ ಜೊತೆ ಮಾತಾಡಿ ಆಮೇಲೆ ಬಿದ್ದಿರಬೇಕು, ಒಂಬತ್ತು ಗಂಟೆ ನೆಲದ ಮೇಲೆ ಪಾಪ, ಎಂದರು.

ಆಗಲೇ ಹೇಳಬಹುದಿತ್ತು. ನರ್ಸಮ್ಮ ಅಳುತ್ತಿದ್ದರು. ನಾನು ಹೂಂ ಎಂದೆ.

ಮಾರ್ಚ್ 4, ಬುಧವಾರ

ಆಸ್ಪತ್ರೆಗೆ ಹೋದೆ. ಮನೆಗೆ ಬಂದವರ ಗುಂಪಿನಲ್ಲಿ ಟೈಲರಮ್ಮನನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಫೋನಿನ ದನಿಗೆ ತಕ್ಕ ದೊಡ್ಡ ಮೈ ಇರಬಹುದು ಎಂದುಕೊಂಡಿದ್ದೆ. ಹಾಸಿಗೆಯ ಮೇಲೆ ಮಡಚಿಟ್ಟ ಬಟ್ಟೆಯಷ್ಟು ಇದ್ದಾರೆ. ಬಲಗೈಯ ಹೆಬ್ಬೆರಳಿನಲ್ಲಿ ಕತ್ತರಿಯ ಗಂಟು.

ಡಾಕ್ಟರು, ಬಿದ್ದದ್ದು ಯಾವಾಗ ಎಂದು ಕೇಳಿದರು. ಟೈಲರಮ್ಮ ಇನ್ನೂ ಬೆಳಕು ಹರಿದಿರಲಿಲ್ಲ ಎಂದರು. ನರ್ಸಮ್ಮ ಅವರ ಕೈ ಸವರಿ, ಇಲ್ಲಮ್ಮ, ಏಳಕ್ಕೆ ನೀನು ಇವಳ ಜೊತೆ ಮಾತಾಡಿದ್ದೀಯಲ್ಲ ಎಂದರು.

ಟೈಲರಮ್ಮ ನನ್ನ ಮುಖ ನೋಡಿದರು. "ಮಾತಾಡಿದ್ನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರು ಏನೋ ಬರೆದುಕೊಂಡರು.

ಬಿದ್ದದ್ದು ಐದೂವರೆಗಿರಬೇಕು. ಏಳೂ ಐದಕ್ಕೆ ನಾನು ಫೋನ್ ಮಾಡಿದ್ದರೆ ಎತ್ತುತ್ತಿರಲಿಲ್ಲ. ಏಳೂ ಹತ್ತಕ್ಕೆ ಇಸ್ತ್ರಿಯವನನ್ನು ಮೇಲೆ ಓಡಿಸುತ್ತಿದ್ದೆವು. ಒಂದೂವರೆ ಗಂಟೆಯಲ್ಲಿ ಮುಗಿಯಬೇಕಿದ್ದದ್ದು ಹನ್ನೊಂದು ಗಂಟೆಗಳ ಹೊತ್ತಾಯಿತು. ನೆಲದ ಮೇಲೆ ಬಿದ್ದುಕೊಂಡು ಫೋನಿನ ಶಬ್ದಕ್ಕೆ ಕಾದಿರುತ್ತಾರೆ. ಹೊಡೆಯುತ್ತದೆ, ಈಗ ಹೊಡೆಯುತ್ತದೆ ಎಂದು.

ಮಾರ್ಚ್ 6, ಶುಕ್ರವಾರ

ನಿನ್ನೆ ಆಪರೇಷನ್ ಆಯಿತು. ಇವತ್ತು ಸ್ವಲ್ಪ ಎಚ್ಚರವಿದ್ದರು. ನನ್ನನ್ನು ಹತ್ತಿರ ಕರೆದು, ಅವತ್ತು ಬೆಳಿಗ್ಗೆ ತಾವು ಫೋನಿನಲ್ಲಿ ಏನು ಹೇಳಿದ್ದು ಎಂದು ಕೇಳಿದರು.

ದಿಂಬಿನ ಚೀಲ ಹೊಲಿಯುವುದಿದೆ ಎಂದಿರಿ, ಎಂದೆ.

ಅವರು ಬಹಳ ಹೊತ್ತು ಮೇಲಿನ ಫ್ಯಾನು ನೋಡಿದರು. ಆಮೇಲೆ, ಹೌದು ಹೌದು, ಈಗ ನೆನಪಾಯ್ತು, ನೀಲಿ ಬಟ್ಟೆಯದು, ಎಂದರು.

ಅದನ್ನು ಕೇಳಿ ನನಗೆ ಕೂರಲಾಗಲಿಲ್ಲ. ನೀರು ತರುತ್ತೇನೆ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಡೆಯದೇ ಇದ್ದದ್ದನ್ನು ನೆನಪು ಮಾಡಿಕೊಂಡರಲ್ಲ, ನನ್ನ ಮಾತು ಸುಳ್ಳಾಗಬಾರದು ಎಂದೋ, ತಮ್ಮ ತಲೆ ಕೆಟ್ಟಿಲ್ಲ ಎಂದು ತೋರಿಸಲಿಕ್ಕೋ.

ಮಾರ್ಚ್ 9, ಸೋಮವಾರ

ಟೈಲರಮ್ಮನ ಅಣ್ಣನ ಮಗ ಬಂದಿದ್ದಾನೆ. ಐವತ್ತು ದಾಟಿದ ಮನುಷ್ಯ, ಗೋದಾಮಿನಲ್ಲಿ ಮೇಲ್ವಿಚಾರಕ. ಕೆಟ್ಟವನಲ್ಲ. ರಜೆ ಹಾಕಿ ಬಂದು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಾನೆ.

ಇವತ್ತು ನೆನಪಿನ ಪರೀಕ್ಷೆ ಮಾಡಿದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುವುದು. ಗಡಿಯಾರದ ಚಿತ್ರ ಬರೆಸುವುದು. ಟೈಲರಮ್ಮ ಎರಡೇ ಪದ ಹೇಳಿದರು. ಗಡಿಯಾರಕ್ಕೆ ಮುಳ್ಳು ಬರೆಯುವಾಗ ಕೈ ತಡೆದು ನನ್ನ ಕಡೆ ನೋಡಿ, ಸರಿಯಾ ಎಂದು ಕೇಳಿದರು. ತಿಂಗಳ ಹಿಂದೆ ಇವರು ನನಗೆ ಕಾಲರಿನ ಅಳತೆ ಬಾಯಿಪಾಠ ಒಪ್ಪಿಸಿದ್ದರು, ಕತ್ತಿನ ಸುತ್ತು, ಅರ್ಧ, ಕಾಲು, ಎಲ್ಲವನ್ನೂ.

ಅಣ್ಣನ ಮಗ ನನ್ನನ್ನು ಹೊರಗೆ ಕರೆದು ಮಾತಾಡಿದ. ಮೂಳೆ ಕೂಡಿಕೊಳ್ಳುತ್ತದೆ, ತಲೆಯೇ ಸರಿಯಿಲ್ಲವಲ್ಲ ಎಂದ. ಬೆಳಿಗ್ಗೆ ಮಾತಾಡಿದ್ದೇ ನೆನಪಿಲ್ಲ ಎಂದರೆ ನಾಳೆ ಒಲೆ ಹಚ್ಚಿ ಮರೆತರೆ ಗತಿಯೇನು. ಊರ ಹೊರಗೆ ಮರೆವಿನವರನ್ನು ಇಟ್ಟುಕೊಳ್ಳುವ ಒಂದು ಮನೆಯಿದೆಯಂತೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ, ಬಾಗಿಲಿಗೆ ಮಾತ್ರ ಬೀಗ. ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಗುರುವಾರ ಕಾಗದಕ್ಕೆ ಸಹಿ ಹಾಕುತ್ತಾನೆ. ನೀವು ಅವತ್ತು ಮಾತಾಡದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಒಳ್ಳೆಯದಾಯಿತು, ಎಂದು ನನಗೆ ಕೈಮುಗಿದ.

ಮಾರ್ಚ್ 10, ಮಂಗಳವಾರ

ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ಎರಡು ಸಲ.

ಮಾರ್ಚ್ 11, ಬುಧವಾರ

ಹೇಳಿದೆ.

ಹನ್ನೊಂದು ಗಂಟೆಗೆ ಹೋದಾಗ ಅಣ್ಣನ ಮಗ ಊಟಕ್ಕೆ ಏನೋ ತರಲು ಹೋಗಿದ್ದ. ಟೈಲರಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಂಚವನ್ನು ಸುತ್ತಿಕೊಂಡು ಗೋಡೆಯ ಕಡೆಗೇ ಹೋದೆ. ಅಲ್ಲಿ ಒಬ್ಬರು ನಿಲ್ಲುವಷ್ಟೂ ಜಾಗವಿಲ್ಲ, ಓರೆಯಾಗಿ ನಿಂತೆ.

"ಚಿಕ್ಕಮ್ಮ, ಅವತ್ತು ನಾನು ಫೋನೇ ಮಾಡಲಿಲ್ಲ," ಎಂದೆ.

ಅರ್ಥವಾಗದವರ ಹಾಗೆ ನೋಡಿದರು. ಮತ್ತೆ ಹೇಳಿದೆ. ಹಿಂದಿನ ದಿನದ ಮಾತಿಗೆ ಸಿಟ್ಟು ಬಂದಿತ್ತು, ಬೇಕೆಂದೇ ಮಾಡಲಿಲ್ಲ, ನರ್ಸಮ್ಮ ಕೇಳಿದಾಗ ಮಾತಾಡಿದೆ ಎಂದು ಸುಳ್ಳು ಹೇಳಿದೆ, ದಿಂಬಿನ ಚೀಲವೂ ಸುಳ್ಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ.

"ಹಾಗಾದರೆ ನನ್ನ ತಲೆ ಕೆಟ್ಟಿಲ್ಲ," ಎಂದರು.

ಕೆಟ್ಟಿಲ್ಲ ಎಂದೆ.

"ಒಂದು ವಾರದಿಂದ ಹುಡುಕ್ತಾ ಇದ್ದೀನಿ ಕಣೇ. ಕಣ್ಣು ಮುಚ್ಚಿ ಹುಡುಕ್ತೀನಿ, ನೀನು ಏನಂದೆ, ನಾನು ಏನಂದೆ. ಏನೂ ಸಿಗಲ್ಲ. ಬರೀ ನೆಲ ಸಿಗುತ್ತೆ, ತಣ್ಣಗೆ. ನಾನು ಹೋಗಿಬಿಟ್ಟೆ ಅಂದುಕೊಂಡೆ. ಮೈ ಇಲ್ಲೇ ಇದೆ, ನಾನು ಹೋಗಿಬಿಟ್ಟೆ ಅಂತ."

ಆಮೇಲೆ ಅತ್ತರು. ಸಿಟ್ಟಿನ ಅಳುವಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಸೆರಗಿನಿಂದ ಅವರ ಕಣ್ಣು ಒರೆಸಲು ಹೋದೆ. ಕೈ ಸರಿಸಿದರು.

"ಈಗ ಹೋಗು. ಇವತ್ತು ನಿನ್ನ ಮುಖ ನೋಡೋಕಾಗಲ್ಲ."

ನಾಳೆ ಬರಲಾ ಎಂದೆ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಕಾರಿಡಾರಿನಲ್ಲಿ ಅಣ್ಣನ ಮಗ ಸಿಕ್ಕ. ಅವನಿಗೂ ಹೇಳಿದೆ. ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ನಿಮ್ಮ ವಯಸ್ಸು ನೋಡಿ ಸುಮ್ಮನಿದ್ದೀನಿ ಎಂದ. ಡಾಕ್ಟರಿಗೂ ನೀವೇ ಹೇಳಬೇಕು ಎಂದ. ಹೇಳಿದೆ. ಡಾಕ್ಟರು ಹಳೆಯ ಬರಹವನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ಗೆರೆ ಸೊಟ್ಟಗಿತ್ತು.

ಮಾರ್ಚ್ 12, ಗುರುವಾರ

ಪರೀಕ್ಷೆ ಇನ್ನೊಮ್ಮೆ ಮಾಡಿದರಂತೆ. ಐದರಲ್ಲಿ ನಾಲ್ಕು ಪದ. ಗಡಿಯಾರಕ್ಕೆ ಸೆಕೆಂಡಿನ ಮುಳ್ಳೂ ಹಾಕಿ, ಚೀಟಿಯನ್ನು ಡಾಕ್ಟರ ಕೈಗೆ ಕೊಡುವಾಗ, ನಿಮ್ಮ ಕೋಟಿನ ಎಡ ತೋಳು ಅರ್ಧ ಇಂಚು ಉದ್ದವಿದೆ ಎಂದರಂತೆ. ಕಾಗದಕ್ಕೆ ಸಹಿ ಆಗಲಿಲ್ಲ. ಇದನ್ನು ಹೇಳಿದ್ದು ನರ್ಸಮ್ಮ. ಇಷ್ಟು ಹೇಳಿ, ನಿನ್ನನ್ನು ನಂಬಿ ನಾನು ಅವತ್ತು ಚಹಾ ಕುಡಿಯುತ್ತಾ ಕೂತಿದ್ದೆ ಎಂದು ಫೋನ್ ಇಟ್ಟರು.

ಸಂಜೆ ಟೀಚರಮ್ಮ ಮಾಡಿದರು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಫೋನ್ ಮಾಡದೇ ಇದ್ದದ್ದು ತಪ್ಪಲ್ಲ. ಯಾರಿಗಾದರೂ ಒಂದು ದಿನ ಮನಸ್ಸು ಬರಲ್ಲ. ಮಾಡಿದೆ ಅಂದೆಯಲ್ಲ, ಅದು. ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದರೆ ಪುಸ್ತಕವೇ ಹೋಯ್ತು. ನಾಳೆಯಿಂದ ನಾವು ಮೂರೇ ಜನ."

ಸರಿ ಟೀಚರ್ ಎಂದೆ.

ಮಾರ್ಚ್ 13, ಶುಕ್ರವಾರ

ಆರೂವರೆಗೇ ಎಚ್ಚರವಾಯಿತು. ಏಳು ಹೊಡೆಯಿತು. ಏಳೂ ಕಾಲು. ಎಂಟು.

ಆಸ್ಪತ್ರೆಗೆ ಹೋದೆ. ಟೈಲರಮ್ಮ ನಿದ್ದೆಯಲ್ಲಿದ್ದರು. ಕಣ್ಣ ರೆಪ್ಪೆ ಅಲುಗುತ್ತಿತ್ತು. ನಾಲ್ಕು ಸೇಬು ಇಟ್ಟು ಬಂದೆ.

ಮಾರ್ಚ್ 16, ಸೋಮವಾರ

ಇಲ್ಲ. ಏನೂ ಇಲ್ಲ.

ಮಾರ್ಚ್ 18, ಬುಧವಾರ

ಅಮ್ಮನ ಕಪಾಟು ತೆಗೆದೆ. ಬಟ್ಟೆಗಳನ್ನು ಮಡಚಲು ಹೋಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ಅಂದದ್ದು ಸುಳ್ಳಲ್ಲ. ಅವಳ ಕಾಲಿಗೆ ಎಣ್ಣೆ ಹಚ್ಚುವಾಗ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಮೂಳೆ, ನರ, ಹಿಮ್ಮಡಿ, ಮುಗಿಯಿತು. ನಕ್ಷೆಯ ಮೇಲೆ ಶಾಯಿ ಓಡಿಸಿದ ಹಾಗೆ. ಅವಳು ಏನೋ ಹೇಳಲು ಹೊರಟರೆ, ಅಲುಗಬೇಡ ಎನ್ನುತ್ತಿದ್ದೆ.

ಅವಳಿಗೆ ಚಳಿಯಾಗಿದ್ದರೆ ಆಶ್ಚರ್ಯವೇನು. ನನ್ನ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದೆನಲ್ಲ, ಹೇಳಲು ನಾನು ಜಾಗ ಕೊಟ್ಟಿದ್ದರೆ ತಾನೇ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. ನಾನಾಗಿಯೇ ಮಾಡಿದ್ದಕ್ಕೆ ಅವನು ಹೆದರಿದ, ಏನಾಯ್ತು ಅಕ್ಕಾ ಎಂದ. ಏನಿಲ್ಲ, ಸುಮ್ಮನೆ ಎಂದೆ. ಫೋನ್ ಇಡದೆ ಸ್ವಲ್ಪ ಹೊತ್ತು ಅವನ ಮನೆಯ ಶಬ್ದ ಕೇಳುತ್ತಾ ಇದ್ದೆ.

ಮಾರ್ಚ್ 21, ಶನಿವಾರ

ಟೈಲರಮ್ಮನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಈಗ ಅಣ್ಣನ ಮಗನ ಮನೆಯಲ್ಲಿ. ಔಷಧಿ ಅಂಗಡಿಯಲ್ಲಿ ಆ ದಪ್ಪ ಕನ್ನಡಕದ ಹೆಂಗಸು ಸಿಕ್ಕು ಹೇಳಿದಳು. ನಾನೇ ಹೋಗಿ ಮಾತಾಡಿಸಿದ್ದೆ. ಅಮ್ಮನ ಬಗ್ಗೆ ಏನೇನೋ ಹೇಳಿದಳು. ಬಾಗಿಲ ಹತ್ತಿರ ನಿಂತು ಇಪ್ಪತ್ತು ನಿಮಿಷ ಆಗಿರಬೇಕು, ಅಂಗಡಿಯವನು ದಾರಿ ಬಿಡಿ ಎಂದ. ಇಷ್ಟು ವರ್ಷ ಅವಳಿಗೆ ಬಾಗಿಲು ತೆಗೆದಿದ್ದೇನೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆಂದು ಇವತ್ತು ಗೊತ್ತಾಯಿತು.

ಮಾತ್ರೆ ಎರಡು ತಿಂಗಳಿಗಾಗುವಷ್ಟು ತಂದೆ.

ಮಾರ್ಚ್ 27, ಶುಕ್ರವಾರ

ಮಧ್ಯಾಹ್ನ ಇಸ್ತ್ರಿ ಅಂಗಡಿಯವನು ಮನೆಗೇ ಬಂದ. ಟೈಲರಮ್ಮ ಕಳಿಸಿದ್ದಂತೆ. ಅಣ್ಣನ ಮಗನ ಮನೆಯಲ್ಲಿ ಅವರಿಗೆ ಆಗುತ್ತಿಲ್ಲ. ಅಲ್ಲಿ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ, ದಿನವಿಡೀ ಬಾಯಿ ಮುಚ್ಚಿ ಕೂತು ದವಡೆ ನೋಯುತ್ತದಂತೆ. ಮೆಟ್ಟಿಲು ಹತ್ತುವ ಹಾಗಿಲ್ಲ. ಅದಕ್ಕೆ ಇವನು ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದಾನೆ. ಸಣ್ಣ ಕೋಣೆ. ಮಂಚ, ಹೊಲಿಗೆ ಯಂತ್ರ, ಊರುಗೋಲು, ಎಲ್ಲ ಹೇಗೆ ಹಿಡಿಯುತ್ತದೆ ಎಂದು ಯಾರಿಗೂ ತಿಳಿಯುತ್ತಿಲ್ಲ. ನಾಳೆ ಬಂದು ಅಳತೆ ತೆಗೆದು ಬರೆದುಕೊಡಬೇಕಂತೆ.

ಅವರೇ ಹೇಳಿದರಾ ಎಂದು ಕೇಳಿದೆ.

ನಕ್ಷೆ ಬರೆಯೋರು ನನಗೆ ಗೊತ್ತಿರೋದು ಅವಳೊಬ್ಬಳೇ ಅಂದರು, ಎಂದ.

ಮಾರ್ಚ್ 29, ಭಾನುವಾರ

ನಿನ್ನೆ ಅಳತೆ ತೆಗೆದೆ. ಹನ್ನೊಂದು ಅಡಿ ಉದ್ದ, ಎಂಟೂ ಕಾಲು ಅಗಲ. ಗೋಡೆ ಒಂದು ಕಡೆ ಎರಡು ಇಂಚು ಓರೆಯಾಗಿದೆ. ರಾತ್ರಿಯ ಊಟವಾದ ಮೇಲೆ ಊಟದ ಮೇಜಿನ ಮೇಲೇ ಹಾಳೆ ಹರಡಿ ಬರೆದೆ. ಮಂಚದಿಂದ ಬಚ್ಚಲಿಗೆ ಐದು ಹೆಜ್ಜೆ, ಅಷ್ಟುದ್ದಕ್ಕೂ ಗೋಡೆಗೆ ಹಿಡಿಕೆ. ಯಂತ್ರ ಕಿಟಕಿಯ ಬೆಳಕಿಗೆ, ಬೆಳಕು ಎಡಗಡೆಯಿಂದ ಬರುವ ಹಾಗೆ. ಯಂತ್ರದ ಮುಂದೆ ಬೆನ್ನಿರುವ ಕುರ್ಚಿ. ಫೋನು ಮಂಚದ ಕಾಲಿಗೆ ಕಟ್ಟಿದ ಚೀಲದಲ್ಲಿ, ನೆಲಕ್ಕೆ ಬಿದ್ದರೂ ಕೈಗೆ ಸಿಗುವಷ್ಟು ಕೆಳಗೆ. ಗೆರೆ ಸೊಟ್ಟಗಾಗಲಿಲ್ಲ.

ಇವತ್ತು ತೆಗೆದುಕೊಂಡು ಹೋದೆ. ಟೈಲರಮ್ಮನನ್ನು ಅಣ್ಣನ ಮಗ ಕರೆತಂದಿದ್ದ. ನಾನು ಬಂದದ್ದು ನೋಡಿ ಅವನು ಹೊರಗೆ ಹೋಗಿ ನಿಂತ. ಅವರು ಖಾಲಿ ಕೋಣೆಯ ನಡುವೆ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದರು. ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. ಕೈ ಚಾಚಿದರು. ಹಾಳೆ ಕೊಟ್ಟೆ.

ಬಟ್ಟೆ ನೋಡುವ ಹಾಗೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನಲ್ಲಿ ಮಂಚದಿಂದ ಬಚ್ಚಲಿನವರೆಗೆ ನಡೆದರು. ಯಂತ್ರದ ಹತ್ತಿರ ನಿಂತರು. ಹಿಡಿಕೆ ಇನ್ನೂ ಒಂದು ಗೇಣು ಕೆಳಗಿರಲಿ, ನಾನು ಕುಗ್ಗಿದ್ದೀನಿ ಎಂದರು. ಬರೆದುಕೊಂಡೆ. ಮತ್ತೆ ಹಾಳೆ ನೋಡಿದರು.

"ಕುರ್ಚಿ ಒಂದೇ ಹಾಕಿದ್ದೀಯಲ್ಲ," ಎಂದರು.

ನೀವು ಒಬ್ಬರೇ ತಾನೇ ಎಂದೆ.

"ನೀನು ಬಂದರೆ ನಿಂತೇ ಇರ್ತೀಯಾ?"

ಪೆನ್ಸಿಲ್ ತೆಗೆದು ಹಾಳೆಯ ಮೇಲೆ ಜಾಗ ಹುಡುಕಿದೆ. ಎಲ್ಲಿ ಇಟ್ಟರೂ ಹಿಡಿಸುತ್ತಿರಲಿಲ್ಲ. ಬಾಗಿಲಿನ ಪಕ್ಕ ಒಂದೂವರೆ ಅಡಿ ಸಿಕ್ಕಿತು, ಆದರೆ ಬಾಗಿಲು ತೆಗೆದರೆ ಕೂತವರ ಕಾಲಿಗೆ ತಗುಲುತ್ತದೆ. ಹಾಗೆಂದು ಹೇಳಿದೆ.

"ಕಾಲು ಮಡಚಿಕೋ," ಎಂದರು ಚಿಕ್ಕಮ್ಮ.